ನಲವತ್ತೇಳನೆಯ ಪಟ್ಟಿ

“ನಲವತ್ತೇಳು,” ಎಂದ ಹೆಡ್ ಕಾನ್‌ಸ್ಟೇಬಲ್ ಹುಲೆಪ್ಪ. “ಮೂರು ಸಲ ಎಣಿಸಿದ್ನಿರಿ ಮೇಡಂ. ನಾಕನೇ ಸಲ ಎಣಿಸಿದ್ರ ಇವೇನು ಮರಿ ಹಾಕಂಗಿಲ್ಲ.”

ಪಿಎಸ್‌ಐ ವೈಶಾಲಿ ನಗಲಿಲ್ಲ. ಮೇಜಿನ ಮೇಲೆ ಹರಡಿದ್ದ ಪಟ್ಟಿಗಳ ಮೇಲೆ ಬಾಗಿದ್ದಳು. ಲಾಡಿಯಷ್ಟು ಸಣ್ಣಗೆ ಬನಹಟ್ಟಿಯ ಮಗ್ಗದಲ್ಲಿ ನೇಯ್ದ ಪಟ್ಟಿಗಳು. ಎಲ್ಲವೂ ಕಡು ಗುಲಾಬಿಯ ರಾಣಿ ಬಣ್ಣದವು.

ಒಂದನ್ನು ಬಿಟ್ಟು. ಅದು ಹಳೆಯ ಗಾಯದ ಬಟ್ಟೆಯಂತೆ ಬಿಳಚಿಕೊಂಡಿತ್ತು.

ಮಂಗಳವಾರ ದ್ರಾಕ್ಷಿ ಗಾಡಿಯಲ್ಲಿ ಹೊರಟಿದ್ದ ಚನಮಲ್ಲಪ್ಪ ಬುಧವಾರ ಬೆಳಿಗ್ಗೆ ನಾಲ್ಕನೇ ತೋಟದ ಗಂಧಕದ ಹೊಗೆ ಹಾಕುವ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಗುರುವಾರ ಸಂಜೆ ವೈಶಾಲಿ ಕೊಂದವನೆಂದು ಕುರಿಗಾರ ಅಮಸಿದ್ದಪ್ಪನನ್ನು ಹಿಡಿದು ತಂದಿದ್ದಳು. ಇವತ್ತು ಶುಕ್ರವಾರ. ಸಂಜೆ ಐದಕ್ಕೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಅಷ್ಟರೊಳಗೆ ತಾನೇ ಬರೆದ ಕಾಗದವನ್ನು ತಾನೇ ಸುಳ್ಳು ಮಾಡದಿದ್ದರೆ ಅವನು ಜೈಲಿಗೆ ಹೋಗುತ್ತಾನೆ. ಅವನು ಕೊಂದಿಲ್ಲವೆಂದು ಅವಳಿಗೆ ರಾತ್ರಿಯಿಂದ ಅನ್ನಿಸತೊಡಗಿತ್ತು. ಅನ್ನಿಸಿಕೆಯನ್ನು ಕೋರ್ಟು ಕೇಳುವುದಿಲ್ಲ.

ಹೊರಗೆ ಅಂಗಳದಲ್ಲಿ ಯಾರೋ ಕೆಮ್ಮಿದರು. ಉದ್ದಕ್ಕೆ, ಎದೆ ಹರಿಯುವಂತೆ. ಹುಲೆಪ್ಪ ಎದ್ದು ಹೋಗಿ ಎರಡು ನಿಮಿಷದಲ್ಲಿ ವಾಪಸು ಬಂದ.

“ಯಾರು?”

“ಯಾರೋ ಗಿರಾಕಿರಿ. ಮೇಡಂ ಇಲ್ಲ ಅಂತ ಹೇಳಿ ಕಳಿಸಿದೆ. ಯಾರನ್ನೂ ಬಿಡಬ್ಯಾಡ ಅಂದಿದ್ರಲ್ಲ.”

“ಛಲೋ ಮಾಡಿದ್ರಿ. ಶೇವಂತಿನ್ನ ಕರೀರಿ.”

ಶೇವಂತಿ ರಬಕವಿಯವಳು, ಇಪ್ಪತ್ತೆರಡರ ಹುಡುಗಿ. ದ್ರಾಕ್ಷಿ ಗಾಡಿ ಹತ್ತುವವರ ಕೈಗೆ ಪಟ್ಟಿ ಕಟ್ಟುವುದು ಅವಳ ಕೆಲಸ.

ದ್ರಾಕ್ಷಿ ಬೆಳೆಗಾರರು ಈ ವರ್ಷವಷ್ಟೇ ಶುರು ಮಾಡಿದ ಪ್ರವಾಸ ಅದು. ಜಮಖಂಡಿ, ತೇರದಾಳ, ರನ್ನ ಬೆಳಗಲಿ, ಬೀಳಗಿ ರಸ್ತೆ ಎಂದು ನಾಲ್ಕು ತೋಟ, ಮೂರು ಕ್ರೂಸರ್ ಗಾಡಿ. ಮುಂಜಾನೆ ಒಮ್ಮೆ ಕೈಗೆ ಪಟ್ಟಿ ಕಟ್ಟಿಸಿಕೊಂಡರೆ ಮುಗಿಯಿತು, ಅದೇ ಟಿಕೀಟು. ಬೇಕಾದ ತೋಟದಲ್ಲಿ ಇಳಿಯಬಹುದು, ಸಾಕೆನ್ನಿಸುವ ತನಕ ಹಣ್ಣು ತಿನ್ನಬಹುದು, ಚಪ್ಪರದ ನೆರಳಲ್ಲಿ ನಿದ್ದೆ ಮಾಡಬಹುದು. ಹಿಂದಿನ ಗಾಡಿ ಬಂದಾಗ ಅದನ್ನು ಹತ್ತಿ ಮುಂದಿನ ತೋಟಕ್ಕೆ ಹೋಗಬಹುದು. ಯಾರು ಯಾವ ಗಾಡಿಯಲ್ಲಿದ್ದಾರೆಂದು ಯಾರೂ ಕೇಳುವುದಿಲ್ಲ. ಒಬ್ಬ ಕಾಣದಿದ್ದರೆ ‘ಹಿಂದಿನ ಗಾಡಿಗೆ ಬರ್ತಾನ ಬಿಡು’ ಎನ್ನುತ್ತಾರೆ. ಚನಮಲ್ಲಪ್ಪನ ಬಗ್ಗೆಯೂ ಮಂಗಳವಾರ ಹಾಗೇ ಅಂದಿದ್ದರು.

ಜನರನ್ನು ಎಣಿಸಲು ಇದ್ದದ್ದು ಈ ಪಟ್ಟಿ ಮಾತ್ರ. ಸಂಜೆ ಜಮಖಂಡಿಯಲ್ಲಿ ಇಳಿದವರ ಪಟ್ಟಿಯನ್ನು ಶೇವಂತಿ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದಳು. ಮಂಗಳವಾರ ಕಟ್ಟಿದ್ದು ನಲವತ್ತೇಳು, ಡಬ್ಬಿಗೆ ಬಿದ್ದದ್ದೂ ನಲವತ್ತೇಳು. ಎಲ್ಲರೂ ಬಂದರೆಂದು ಡಬ್ಬಿ ಮುಚ್ಚಿದರು. ಮರುದಿನ ಸಿಕ್ಕ ಹೆಣದ ಕೈಯಲ್ಲಿ ಪಟ್ಟಿ ಇರಲಿಲ್ಲ.

ಹೋಗುವಾಗ ಇಲ್ಲದ ಒಬ್ಬ ಬರುವಾಗ ಇದ್ದ. ಚನಮಲ್ಲಪ್ಪನ ಪಟ್ಟಿ ಕಟ್ಟಿಕೊಂಡು ಬಂದಿದ್ದ.

“ಇದು ಯಾರ ಕೈಯಾಗಿತ್ತು, ನೆನಪೈತೇನು?” ವೈಶಾಲಿ ಬಿಳಚಿದ ಪಟ್ಟಿಯನ್ನು ಮುಂದೆ ತಳ್ಳಿದಳು.

ಶೇವಂತಿ ನೋಡಿದಳು. “ಕಡೀ ಗಾಡಿರಿ, ಆರಕ್ಕ ಬೀಳಗಿ ರಸ್ತೆ ತೋಟ ಬಿಡ್ತೈತಲ್ಲ, ಅದರಾಗ ಬಂದ. ಹಿಂದಿನ ಸೀಟಿನ ಮೂಲ್ಯಾಗ ಕುಂತಿದ್ದ. ಮುಖಕ್ಕ ಟವೆಲ್ ಸುತ್ತಿದ್ದ, ಕಣ್ಣು ಕೆಂಡ ಆಗಿದ್ದುವು. ಕುಡದಾನ ಅನಕೊಂಡೆ. ಕೈ ಚಾಚಿದ, ಕತ್ತರಿಸಿದೆ.”

“ಬಣ್ಣ ಹೋಗಿದ್ದು ಕಾಣಲಿಲ್ಲೇನು?”

“ಕತ್ತಲಾಗಿತ್ರಿ. ಮತ್ತ...” ಹುಡುಗಿ ತಲೆ ತಗ್ಗಿಸಿದಳು. “ಜಲ್ದಿ ಮನಿಗೆ ಹೋಗೂದಿತ್ತು.”

ಅವಳನ್ನು ಬೈಯುವ ಹಕ್ಕು ತನಗಿಲ್ಲವೆಂದು ವೈಶಾಲಿಗೆ ಗೊತ್ತಿತ್ತು. ಡಬ್ಬಿ ಬುಧವಾರವೇ ಅವಳ ಕೈಗೆ ಬಂದಿತ್ತು. ಮುಚ್ಚಳ ತೆಗೆದು, ನೋಡಿ, ಮುಚ್ಚಿ ಕಪಾಟಿನಲ್ಲಿಟ್ಟಿದ್ದಳು. ಬಿಳಚಿದ ಪಟ್ಟಿ ಆಗಲೂ ಮೇಲೆಯೇ ಇತ್ತು. ನೂಲು, ದಡಿ, ಗಂಟುಗಳಿಂದ ದೂರ ಹೋಗಲೆಂದೇ ಅವಳು ಹಾಸ್ಟೆಲಿನಲ್ಲಿ ಓದಿ ಪೊಲೀಸ್ ಪರೀಕ್ಷೆ ಬರೆದವಳು. ನೇಕಾರರ ಮನೆಯ ಮಗಳು ನೋಡಿದ್ದರೆ ಬುಧವಾರವೇ ತಿಳಿಯುತ್ತಿತ್ತು. ಪಿಎಸ್‌ಐ ನೋಡಿದ್ದಳು.

ರಾಣಿ ಬಣ್ಣದ ನೂಲು ಬಿಸಿಲಿಗೆ ತಿಂಗಳು ತಾಳುತ್ತದೆ. ಗಂಧಕದ ಹೊಗೆಗೆ ಒಂದು ತಾಸೂ ತಾಳುವುದಿಲ್ಲ. ಅವಳು ಐದನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಅಣ್ಣ ಗೂಳಪ್ಪ ತಿಗಣೆ ಕಾಟಕ್ಕೆಂದು ಮಗ್ಗದ ಕೋಣೆಯಲ್ಲಿ ಗಂಧಕ ಸುಟ್ಟಿದ್ದ. ಬಾಗಿಲು ತೆಗೆದಾಗ ತಿಗಣೆ ಹಾಗೇ ಇದ್ದವು, ಸೀರೆಯ ರಾಣಿ ಬಣ್ಣದ ಹಾಸುನೂಲು ಮಾತ್ರ ಬೆಳ್ಳಗಾಗಿತ್ತು. ಅಪ್ಪ ಅವನನ್ನು ಮಗ್ಗದ ಕಟ್ಟಿಗೆಯಿಂದಲೇ ಹೊಡೆದಿದ್ದ.

ಅಣ್ಣನ ನೆನಪಾದಾಗಲೆಲ್ಲ ವೈಶಾಲಿ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಈಗಲೂ ಹುಡುಕಿಕೊಂಡಳು.

“ಇದರಾಗ ಎರಡು ಗಂಟು ಅದಾವು,” ಎಂದಳು. “ಉಳಿದುವರಾಗ ಒಂದೊಂದು. ಒಂದು ಶೇವಂತಿ ಕಟ್ಟಿದ್ದು. ಎರಡನೇದು, ಹೆಣದ ಕೈಯಿಂದ ಹರಕೊಂಡು ತನ್ನ ಕೈಗೆ ಕಟ್ಟಿಕೊಂಡವಂದು.”

“ಯಾರರೀ ಅಂವ?”

“ಅದಿರಲಿ. ಮೊದಲು ಹೊತ್ತು ನೋಡ್ರಿ ಹುಲೆಪ್ಪನವರ. ಈ ಪಟ್ಟಿ ಆರಕ್ಕ ತೋಟ ಬಿಟ್ಟೈತಿ. ಬಿಡೂಮುಂದನ ಬೆಳ್ಳಗಾಗಿತ್ತು. ಹಂಗಾದ್ರ ಹೊಗಿ ಎಷ್ಟಕ್ಕ ಹಾಕ್ಯಾರ?”

ಹುಲೆಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ.

ತೋಟದ ಮಾಲೀಕ ರಾಮಲಿಂಗಪ್ಪ ಹೇಳಿಕೆ ಕೊಟ್ಟದ್ದು ಹೀಗೆ: ಹೊಗೆ ಹಾಕಿದ್ದು ಏಳಕ್ಕೆ. ಪ್ರವಾಸದವರಿಗೆ ಘಾಟು ಆಗದಿರಲೆಂದು ಕಡೆಯ ಗಾಡಿ ಹೋದ ಮೇಲೆಯೇ ಯಾವಾಗಲೂ ಹಾಕುವುದು. ಆ ಹೊತ್ತಿಗೆ ನಾನು ಬೀಳಗಿಯಲ್ಲಿ ಬೆಳೆಗಾರರ ಸಭೆಯಲ್ಲಿದ್ದೆ. ತೋಟದಲ್ಲಿದ್ದವನು ಕುರಿ ಕಾಯುವ ಅಮಸಿದ್ದಪ್ಪ ಒಬ್ಬನೇ. ಹೊಗೆ ಹಾಕಲು ಹೇಳಿದ್ದೂ ಅವನಿಗೇ.

ಕೋಣೆಯ ಚಿಲಕವನ್ನು ಹೊರಗಿನಿಂದ ಉಣ್ಣೆಯ ಹುರಿಯಿಂದ ಬಿಗಿದಿದ್ದರು. ಅದು ಅಮಸಿದ್ದಪ್ಪನ ಹುರಿ. ನಾಲ್ಕರಿಂದ ಆರರವರೆಗೆ ಬೀಳಗಿಯ ದನದ ದವಾಖಾನೆಯಲ್ಲಿ ಕುರಿಗೆ ಸೂಜಿ ಹಾಕಿಸುತ್ತಿದ್ದೆ ಎಂದು ಅವನು ಹೇಳಿದ್ದ. ‘ಏಳಕ್ಕ ಎಲ್ಲಿದ್ದಿ?’ ಎಂದು ಅವಳು ಕೇಳಿದ್ದಳು. ‘ತೋಟದಾಗರಿ’ ಎಂದಿದ್ದ. ಅಷ್ಟನ್ನೇ ಬರೆದುಕೊಂಡಿದ್ದಳು.

ದ್ವೇಷಕ್ಕೆ ಕಾರಣವೂ ಸಿಕ್ಕಿತ್ತು. ಸತ್ತ ಚನಮಲ್ಲಪ್ಪ ಹದಿನಾಲ್ಕು ವರ್ಷದ ಹಿಂದೆ ಸರ್ವೆ ಕೆಲಸದವನು. ಹಿನ್ನೀರಿಗೆ ಮುಳುಗಲಿದ್ದ ಹೊಳೆಸಂಗಾಪುರದ ಮನೆಗಳನ್ನು ಪಟ್ಟಿ ಮಾಡಿದವನು. ಅವನು ಹೋದದ್ದು ಕುರಿಯವರು ಹಿಂಡು ಹೊಡೆದುಕೊಂಡು ದೇಶಾಂತರ ಹೋಗಿದ್ದ ತಿಂಗಳಲ್ಲಿ. ಅಮಸಿದ್ದಪ್ಪನ ಮನೆಗೆ, ಅರವತ್ತೊಂದನೆಯದಕ್ಕೆ, ಬೀಗ ಇತ್ತು. ‘ಯಾರೂ ಇಲ್ಲ’ ಎಂದು ಬರೆದ. ಮಳೆಗಾಲಕ್ಕೆ ಹಿಂಡು ಮರಳಿದಾಗ ಮನೆಯೂ ಇರಲಿಲ್ಲ, ಮನೆಗೆ ಬದಲಾಗಿ ಬರಬೇಕಿದ್ದ ನೆಲವೂ ಇರಲಿಲ್ಲ. ಹೆಣದ ಜೇಬಿನಲ್ಲಿ ಸಿಕ್ಕ ಚೀಟಿಯಲ್ಲಿ ಅಮಸಿದ್ದಪ್ಪನ ಹೆಸರು, ಅರವತ್ತೊಂದು ಎಂಬ ಅಂಕಿ ಇದ್ದವು.

ಸೇಡು, ಎಂದು ಬರೆದಳು ವೈಶಾಲಿ.

ರಾತ್ರಿ ವಿಚಾರಣೆಯಲ್ಲಿ ಅದನ್ನೇ ಅವನ ಮುಖಕ್ಕೆ ಹೇಳಿದ್ದಳು. ಅವನು, “ನೀವ ಹೇಳಿದ ಮ್ಯಾಲ ಗೊತ್ತಾತರಿ,” ಎಂದಿದ್ದ. “ಹೊಳಿ ತಗೊಂಡು ಹೋತು ಅಂತ ಮಾಡಿದ್ದೆ. ಮನಶ್ಯಾ ತಗೊಂಡು ಹೋಗ್ಯಾನ ಅಂತ ಇವತ್ತ ಗೊತ್ತಾತು.”

ಆ ಮಾತಿಗೆ ಅವಳಿಗೆ ನಿದ್ದೆ ಬಂದಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ದನದ ದವಾಖಾನೆಯಿಂದ ಫೋನು ಬಂತು. ಮಂಗಳವಾರ ಆರು ಗಂಟೆಯವರೆಗೆ ಅಮಸಿದ್ದಪ್ಪ ಅಲ್ಲೇ ಇದ್ದ. ಹತ್ತು ನಿಮಿಷದ ಮೇಲೆ ಬಾಗಲಕೋಟೆಯ ಪುನರ್ವಸತಿ ಕಚೇರಿಯ ಗುಮಾಸ್ತನ ಫೋನು. ಅದನ್ನು ಕೇಳಿ ವೈಶಾಲಿ ಬಿಳಚಿದ ಪಟ್ಟಿಯನ್ನು ಲಕೋಟೆಗೆ ಹಾಕಿಕೊಂಡು ಎದ್ದಳು.

ಠಾಣೆಯ ಅಂಗಳದ ಬೇವಿನ ಮರದ ಕೆಳಗೆ ಅಮಸಿದ್ದಪ್ಪನ ಹೆಂಡತಿ ಸೋಮವ್ವ ಮುಂಜಾನೆಯಿಂದ ಕುಳಿತಿದ್ದಳು. ಜೀಪು ಹೊರಡುವುದು ಕಂಡು ಕೇಳದೆಯೇ ಹಿಂದೆ ಹತ್ತಿದಳು.

“ಏ ಯವ್ವಾ, ಇದೇನು ದ್ರಾಕ್ಷಿ ಗಾಡಿ ಅಲ್ಲ, ಕಂಡಲ್ಲಿ ಹತ್ತಿ ಇಳಿಯಾಕ,” ಎಂದ ಹುಲೆಪ್ಪ.

“ತೋಟದಾಗ ನಮ್ಮ ಇನ್ನೂರು ಕುರಿ ಅದಾವ. ಅವನ್ನೂ ಲಾಕಪ್ಪಿನಾಗ ಹಾಕೀರೇನು, ನೋಡಿ ಬರ್ತೇನಿ,” ಎಂದಳು ಸೋಮವ್ವ.

ವೈಶಾಲಿ ಹುಲೆಪ್ಪನಿಗೆ ನಡೆಯಿರಿ ಎಂದು ಕೈ ಮಾಡಿದಳು. ಜೀಪು ಹೊರಟಿತು.

ನಾಲ್ಕನೇ ತೋಟ ಬೀಳಗಿ ರಸ್ತೆಯಲ್ಲಿ, ಠಾಣೆಯ ಸರಹದ್ದು ಮುಗಿಯುವ ಜಾಗದಲ್ಲಿದೆ. ಕೊಲೆಯಾದ ಮೇಲೆ ಪ್ರವಾಸದ ಗಾಡಿಗಳು ಮೂರೇ ತೋಟಕ್ಕೆ ತಿರುಗುತ್ತಿದ್ದವು, ಇಲ್ಲಿಗೆ ಬರುತ್ತಿರಲಿಲ್ಲ. ಆದರೂ ಅಂಗಳದಲ್ಲಿ ಪ್ರವಾಸದ ಕೆಂಪು ಕ್ರೂಸರ್ ನಿಂತಿತ್ತು. ಅದು ರಾಮಲಿಂಗಪ್ಪನದೇ ಗಾಡಿ, ಮನೆಗೆ ಬಂದಿದೆ ಎಂದುಕೊಂಡಳು.

ಒಣದ್ರಾಕ್ಷಿಯ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ ಹಣ್ಣು ಹರಡಿದ್ದರು. ಅದರ ಹಿಂದೆ ಎರಡು ಗಂಧಕದ ಕೋಣೆಗಳು. ಒಣಗಿದ ಹಣ್ಣಿಗೆ ಚಿನ್ನದ ಬಣ್ಣ ಬರಲೆಂದು ಬಾಣಲೆಯಲ್ಲಿ ಗಂಧಕ ಸುಟ್ಟು ಬಾಗಿಲು ಹಾಕುವ ಕೋಣೆಗಳು. ಒಂದಕ್ಕೆ ಪೊಲೀಸರ ಮೊಹರು ಇತ್ತು. ಇನ್ನೊಂದರ ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದ್ದರು. ಆದರೂ ಘಾಟು ಹೊರಗೆ ಬರುತ್ತಿತ್ತು. ವೈಶಾಲಿ ಕರವಸ್ತ್ರ ಮೂಗಿಗೆ ಹಿಡಿದಳು.

“ಬರ್ರಿ ಮೇಡಂ,” ಎಂದ ರಾಮಲಿಂಗಪ್ಪ. ಐವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ. “ಹಣ್ಣು ತರಸ್ಲೇನು? ನಿಮ್ಮ ಹುಲೆಪ್ಪಗ ಮೊನ್ನೆ ಭಾಳ ಸೇರಿದುವು.”

“ನಾ ಎರಡ ತಿಂದೇನ್ರಿ,” ಎಂದ ಹುಲೆಪ್ಪ.

“ಎರಡು ಗೊಂಚಲ.”

ವೈಶಾಲಿ ಬಾಗಿಲ ಕಡೆ ಕೈ ತೋರಿಸಿದಳು. “ಈಗ ಮೂರು ಗಂಟೆ. ಹಗಲ ಹೊಗಿ ಹಾಕೂದಿಲ್ಲ ಅಂದಿದ್ರಿ.”

“ಪ್ರವಾಸದ ಮಂದಿಗೆ ತ್ರಾಸು ಆಗಬಾರದು ಅಂತ ಹಾಕ್ತಿರಲಿಲ್ಲರಿ. ಈಗ ಮಂದಿನ ಇಲ್ಲ. ನಿಮ್ಮ ದಯಾ.” ಅವನು ನಕ್ಕ. “ನಾಳೆ ಮಾಲು ಕಳಸೂದೈತಿ.”

ಉತ್ತರ ಸರಿಯಾಗಿತ್ತು. ವೈಶಾಲಿ ಅದನ್ನು ಅಲ್ಲಿಗೇ ಬಿಟ್ಟಳು. ಲಕೋಟೆಯಿಂದ ಪಟ್ಟಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು.

“ಇದು ಚನಮಲ್ಲಪ್ಪನ ಕೈಯಾಗಿದ್ದ ಪಟ್ಟಿ. ಮಂಗಳವಾರ ಆರಕ್ಕ ನಿಮ್ಮ ತೋಟ ಬಿಟ್ಟೈತಿ. ಏಳಕ್ಕ ಜಮಖಂಡ್ಯಾಗ ಡಬ್ಬಿಗೆ ಬಿದ್ದೈತಿ. ನೀವು ಹೊಗಿ ಹಾಕಿದ್ದು ಏಳಕ್ಕ ಅಂತೀರಿ. ಆರಕ್ಕ ಇಲ್ಲಿ ಇನ್ನೂ ಹೊಗಿನ ಹಾಕಿರಲಿಲ್ಲ, ಪಟ್ಟಿ ಹೆಂಗ ಬೆಳ್ಳಗಾತು?”

“ಬಿಸಲಿಗೆ ಹೋಗಿರಬೇಕು.”

“ಉಳಿದ ನಲವತ್ತಾರಕ್ಕ ಬಿಸಲು ಬಿದ್ದಿರಲಿಲ್ಲೇನು?”

“ಮಣೂಕ ಮಾಡಾಕ ದ್ರಾಕ್ಷಿ ಅದ್ದೂ ನೀರಿನಾಗ ಕೈ ಹಾಕಿರಬೇಕು. ಔಷಧ ಇರ್ತೈತ್ರಿ ಅದರಾಗ.”

“ನಾ ಬನಹಟ್ಟಿ ನೇಕಾರರ ಮಗಳು, ರಾಮಲಿಂಗಪ್ಪ. ಮೊನ್ನೆ ಇಲ್ಲಿಂದ ಒಯ್ದ ನಿಮ್ಮ ಔಷಧದ ನೀರಿನಾಗ ಮುಂಜಾನೆ ಒಂದು ಹೊಸ ಪಟ್ಟಿ ಅದ್ದಿ ಇಟ್ಟೇನಿ. ಇನ್ನೂ ರಾಣಿ ಬಣ್ಣನ ಐತಿ.”

ರಾಮಲಿಂಗಪ್ಪ ಬಲೆಯ ಮೇಲಿನ ಒಂದು ಒಣದ್ರಾಕ್ಷಿ ಎತ್ತಿ ಬಾಯಿಗೆ ಹಾಕಿಕೊಂಡ.

“ಹೊಗಿ ಹಾಕಿದ್ದು ನಾಕರಿಂದ ಆರರ ನಡುವ,” ಎಂದಳು ವೈಶಾಲಿ. “ಆಗ ಅಮಸಿದ್ದಪ್ಪ ದನದ ದವಾಖಾನ್ಯಾಗ. ನೀವು ತೋಟದಾಗ.”

“ಹುರಿ ಅವಂದು.”

“ನಿಮ್ಮ ಬೇಲಿ ತುಂಬ ಅವನ ಹುರಿನ ಜೋತಾಡಾಕತ್ತಾವ. ಮೊನ್ನೆ ನಾ ಅದನ್ನ ನೋಡಲಿಲ್ಲ. ನನ್ನ ತಪ್ಪು.”

“ತಪ್ಪು ಅಂತ ಕೋರ್ಟಿನಾಗ ಹೇಳ್ರಿ ಮತ್ತ.”

“ಹೇಳ್ತೇನಿ. ಇನ್ನೊಂದು ಮಾತೂ ಹೇಳ್ತೇನಿ. ಬಾಗಲಕೋಟೆಯಿಂದ ಫೋನ್ ಬಂದಿತ್ತು. ಹೊಳೆಸಂಗಾಪುರದ ಅರವತ್ತೊಂದನೇ ಮನಿ ಮುಳುಗಿದ್ದಕ್ಕ ಕೊಟ್ಟ ನೆಲ ಇದು. ನಾವೀಗ ನಿಂತದ್ದು. ತಗೊಂಡವರ ಹೆಸರು ಅಮಸಿದ್ದಪ್ಪ ಅಲ್ಲ. ರಾಮಲಿಂಗಪ್ಪ.”

ಶೆಡ್ಡಿನ ಆಚೆ ಕುರಿಗಳು ಒದರುತ್ತಿದ್ದವು. ಸೋಮವ್ವ ಹಿಂಡಿನ ನಡುವೆ ಕುಂಟ ಮರಿಯೊಂದನ್ನು ಎತ್ತಿಕೊಂಡು ನಿಂತಿದ್ದಳು. ವರ್ಷಾವರ್ಷ ಗೊಬ್ಬರಕ್ಕೆಂದು ಅವರ ಹಿಂಡನ್ನು ಇದೇ ನೆಲದ ಮೇಲೆ ನಿಲ್ಲಿಸುತ್ತಿದ್ದರು. ಒಂದು ರಾತ್ರಿಗೆ ಇಷ್ಟು ಜೋಳ ಎಂದು ರಾಮಲಿಂಗಪ್ಪ ಅಳೆದು ಕೊಡುತ್ತಿದ್ದ, ಅವರು ಕೈಮುಗಿದು ಒಯ್ಯುತ್ತಿದ್ದರು. ಗೊಬ್ಬರ ಹಾಕಿದ್ದು ತಮ್ಮದೇ ನೆಲಕ್ಕೆ.

“ಚನಮಲ್ಲಪ್ಪ ಅದನ್ನ ಅಮಸಿದ್ದಪ್ಪಗ ಹೇಳಾಕ ಬಂದಿದ್ದ,” ಎಂದಳು. “ತೇರದಾಳದಾಗ ಕೇಳ್ಯಾನ, ಬೆಳಗಲ್ಯಾಗ ಕೇಳ್ಯಾನ, ಹೊಳೆಸಂಗಾಪುರದ ಕುರಿಯವರು ಎಲ್ಲಿ ಸಿಗ್ತಾರ ಅಂತ. ಕಡೀಗೆ ಇಲ್ಲಿ ಇಳದಾನ. ಇಲ್ಲಿ ಮೊದಲ ಸಿಕ್ಕವರು ನೀವು.”

“ಅಂವ ಮುದುಕ, ಮೇಡಂ,” ಎಂದ ರಾಮಲಿಂಗಪ್ಪ. ದನಿ ಏರಲಿಲ್ಲ. “ಕೋಣಿ ನೋಡಾಕ ಒಳಗ ಹೋಗ್ಯಾನ, ಬಾಗಿಲ ಬಿದ್ದೈತಿ. ಹದಿನಾಕು ವರ್ಷದ ಹಿಂದಿಂದು ಈಗ ಯಾರಿಗೆ ಬೇಕು? ನಿಮ್ಮ ಕಡೆ ಒಂದು ದಾರ ಐತಿ. ನನ್ನ ಕಡೆ ಸಭಾದಾಗಿದ್ದ ನಲವತ್ತು ಮಂದಿ ಅದಾರ. ಮತ್ತ, ಆ ಪಟ್ಟಿ ಕಟಗೊಂಡು ಹೋದವನ್ನ ಮೊದಲ ತರ್ರಿ. ಅಂವ ಯಾಕ ಓಡಿ ಹೋದ? ಕೊಂದವ ಅವನ ಇರಬೇಕು.”

“ಇಲ್ಲಿ ಕೆಲಸಕ್ಕಿದ್ದವ. ಘಾಟಿಗೆ ಕಣ್ಣು ಕೆಂಡ ಆಗಿದ್ದುವು, ಹೊಗಿ ಹಾಕೂ ಕೆಲಸದವ. ಯಾರವ?”

“ಹೆಣ್ಣಾಳ ಅದಾರ, ಅವರೂ ಐದಕ್ಕ ಹೋಗ್ತಾರ. ಅಂಥ ಗಂಡಾಳು ಯಾರೂ ನನ್ನ ಕಡೆ ಇಲ್ಲ.” ಅವನು ಮೊಹರಿಲ್ಲದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ಇರಲೂ ಇಲ್ಲ.”

ಸುಳ್ಳೆಂದು ಅವಳಿಗೆ ಗೊತ್ತಿತ್ತು. ಹೆಸರಿಲ್ಲದೆ ಏನೂ ಮಾಡುವಂತಿರಲಿಲ್ಲ. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಹೊತ್ತಿನ ತಾಳೆ, ನೆಲದ ದಾಖಲೆ ಎರಡನ್ನೂ ಕೋರ್ಟಿನ ಮುಂದಿಟ್ಟು ತಾನೇ ನಿಂತು ಮಾತಾಡಿದರೆ ಅಮಸಿದ್ದಪ್ಪ ಇವತ್ತು ಉಳಿಯಬಹುದು. ಅವಳು ಜೀಪಿನ ಕಡೆ ನಡೆದಳು.

ಸೋಮವ್ವನೂ ಮತ್ತೆ ಹಿಂದೆ ಹತ್ತಿದ್ದಳು. ಜೀಪು ನಾಲ್ಕು ಕಿಲೋಮೀಟರು ದಾಟಿತ್ತು.

ಪಟ್ಟಿಯನ್ನು ವಾಪಸು ಲಕೋಟೆಗೆ ಹಾಕುವಾಗ ವೈಶಾಲಿಯ ಬೆರಳು ಎರಡನೇ ಗಂಟಿನ ಮೇಲೆ ನಿಂತಿತು. ಮುಂಜಾನೆ ಎಣಿಸಿದ್ದಳು, ಮುಟ್ಟಿರಲಿಲ್ಲ.

ಎರಡೂ ನೇಕಾರರ ಗಂಟುಗಳೇ. ಸಣ್ಣವು, ಚಪ್ಪಟೆ, ಮಗ್ಗದ ಹಣಿಗೆಯ ಹಲ್ಲಿಗೆ ಸಿಕ್ಕದೆ ದಾಟಲೆಂದು ಕಟ್ಟುವಂಥವು. ಎರಡನೇ ಗಂಟಿನ ಪಕ್ಕದ ದಾರಕ್ಕೆ ಹಲ್ಲಿನ ಗುರುತಿತ್ತು. ತನ್ನ ಕೈಗೆ ತಾನೇ, ಒಂದೇ ಕೈಯಿಂದ, ಬಾಯಲ್ಲಿ ಕಚ್ಚಿ ಕಟ್ಟಿಕೊಂಡದ್ದು. ಶೇವಂತಿಯ ಗಂಟಿನ ಬಾಲ ಬಲಕ್ಕೆ ಮಲಗಿತ್ತು. ಇದರ ಬಾಲ ಎಡಕ್ಕೆ.

ಬನಹಟ್ಟಿಯಲ್ಲಿ ಸಾವಿರ ಮಂದಿ ಈ ಗಂಟು ಹಾಕುತ್ತಾರೆ. ಬಾಲ ಎಡಕ್ಕೆ ಬೀಳುವಂತೆ, ಒಂದು ಸುತ್ತು ಹೆಚ್ಚಿಗೆ ಹಾಕಿ ಕಟ್ಟುವವನನ್ನು ಅವಳು ಒಬ್ಬನನ್ನೇ ನೋಡಿದ್ದಳು. ಹದಿನೇಳನೇ ವಯಸ್ಸಿಗೆ ಪವರ್‌ಲೂಮಿಗೆ ಬಲಗೈ ತೋರುಬೆರಳಿನ ತುದಿ ಕೊಟ್ಟವನು. ಆಮೇಲೆ ಎಡಗೈಯಲ್ಲಿ ಗಂಟು ಹಾಕಲು ಮತ್ತೆ ಮೊದಲಿನಿಂದ ಕಲಿತವನು.

ಆ ಬೆರಳಿನವನೇ ಒಂಬತ್ತು ವರ್ಷದ ಹಿಂದೆ ಧಾರವಾಡದ ಹಾಸ್ಟೆಲಿಗೆ ಬಂದಿದ್ದ. ಮಾಸಿದ ಲುಂಗಿ, ಕೈಯಲ್ಲೊಂದು ಚೀಲ. ಅವಳು ಲೈಬ್ರರಿಯ ಕಿಟಕಿಯಿಂದ ನೋಡಿದ್ದಳು. ಗೆಳತಿಯರು ಪಕ್ಕದಲ್ಲಿದ್ದರು. ವಾಚಮನ್ ಬಂದು ಕೇಳಿದಾಗ, ‘ವೈಶಾಲಿ ಇಲ್ಲ ಅಂತ ಹೇಳು’ ಎಂದಿದ್ದಳು. ಗೂಳಪ್ಪ ಗೇಟಿನಲ್ಲಿ ಸ್ವಲ್ಪ ಹೊತ್ತು ನಿಂತು, ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ಮನೆಗೂ ಹೋಗಲಿಲ್ಲ. ಎಲ್ಲಿದ್ದಾನೆಂದು ಯಾರಿಗೂ ಗೊತ್ತಾಗಲಿಲ್ಲ. ಅವಳು ಹುಡುಕಬಹುದಿತ್ತು, ಹುಡುಕುವುದೇ ಅವಳ ಕೆಲಸವಾದ ಮೇಲೂ ಹುಡುಕಿರಲಿಲ್ಲ.

ಅವಳು ಮೊಬೈಲ್ ತೆಗೆದು ಬನಹಟ್ಟಿಗೆ ಹಚ್ಚಿದಳು.

“ಅವ್ವಾ, ಅಣ್ಣ ಮನಿಗೆ ಬಂದಾನೇನು?”

ಆ ಕಡೆ ತಾಯಿ ದಾನಮ್ಮನ ಬೆನ್ನ ಹಿಂದಿನ ಮಗ್ಗಗಳ ಸದ್ದು ಮಾತ್ರ ಕೇಳಿಸುತ್ತಿತ್ತು.

“ಅವ್ವಾ.”

“ಮಂಗಳವಾರ ರಾತ್ರಿ ಬಂದ. ನಿನಗ ಹೇಳಬ್ಯಾಡ ಅಂದ, ನಾನ ಹೋಗಿ ಹೇಳ್ತೇನಿ ಅಂದ. ಭಾಳ ಕೆಮ್ಮು ಐತಿ ಅವಗ, ಉಸಿರ ಹಿಡ್ಯಾಂಗಿಲ್ಲ. ಯಾರನ್ನೋ ಹೊರಗ ಎಳ್ಯಾಕ ಹೋಗಿದ್ನಂತ, ಅಂವ ಮೊದಲ ಸತ್ತಿದ್ನಂತ. ಎರಡ ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ನಿನ್ನೆ ರಾತ್ರಿ ಕುರಿಯವನ್ನ ಹಿಡಿದ್ರು ಅಂತ ಕೇಳಿ ಎದ್ದ ಕುಂತ.”

“ಈಗ ಎಲ್ಲಿ ಅದಾನ?”

“ನಿನ್ನ ಕಡೆನ ಬಂದಾನಲ್ಲ ಯವ್ವಾ. ಒಂಬತ್ತರ ಬಸ್ಸಿಗೆ. ಠಾಣೆಗೆ ಹೋಗ್ತೇನಿ, ಈ ಸಲ ತಂಗಿ ಇರ್ತಾಳ ಅಂದ. ಬಂದಿಲ್ಲೇನು?”

ವೈಶಾಲಿ ಫೋನು ಕೆಳಗಿಳಿಸಿದಳು.

“ಹುಲೆಪ್ಪನವರ, ಮುಂಜಾನೆ ಕೆಮ್ಮಿಕೋತ ಬಂದಾಂವ ಏನು ಕೇಳಿದ?”

ಸ್ಟಿಯರಿಂಗ್ ಹಿಡಿದಿದ್ದ ಹುಲೆಪ್ಪ ಅವಳ ಮುಖ ನೋಡಿ ಗಾಡಿಯ ವೇಗ ಇಳಿಸಿದ. “ವೈಶಾಲಿ ಅದಾಳೇನು ಅಂದ. ಅದಾರೇನು ಅನ್ನಲಿಲ್ಲ, ಅದಕ್ಕ ನನಗ ಸಿಟ್ಟು ಬಂತು. ಇಲ್ಲ ಅಂದೆ. ಎಲ್ಲಿ ಹೋಗ್ಯಾಳ ಅಂದ. ತಲಿ ತಿನ್ನಬ್ಯಾಡ ಅಂತ... ಬೀಳಗಿ ರಸ್ತೆ ದ್ರಾಕ್ಷಿ ತೋಟಕ್ಕ ಹೋಗ್ಯಾರ ಅಂದೆರಿ.”

“ಅಂವ ಗಾಡಿ ಹತ್ತಿದ್ದು ನಾ ನೋಡೇನಿ,” ಎಂದಳು ಹಿಂದಿನಿಂದ ಸೋಮವ್ವ. “ಒಂದು ಬೆರಳು ಮೊಂಡು ಇತ್ತು. ನೀರು ಕೇಳಿದ, ನನ್ನ ತಂಬಿಗಿ ಕೊಟ್ಟೆ. ಎದರಿಗೆ ದ್ರಾಕ್ಷಿ ಗಾಡಿ ಬಂದು ನಿಂತಿತು. ಡ್ರೈವರ್ ಅವನ್ನ ಗುರತು ಹಿಡದ. ಬಾ, ನಾ ಬಿಡ್ತೇನಿ ಅಂದ. ಕೆಂಪು ಗಾಡಿ. ಈಗ ಅಲ್ಲಿ ನಿಂತಿತ್ತಲ್ಲ, ಅದ.”

ಜೀಪು ರಸ್ತೆ ಬದಿಗೆ ನಿಂತಿತು. ಯಾರು ನಿಲ್ಲಿಸು ಎಂದರೋ ಯಾರಿಗೂ ನೆನಪಿಲ್ಲ.

ಗಾಡಿ ಹೋಗದ ತೋಟಕ್ಕೆ ಹೋದ ಗಾಡಿ. ಹಗಲು ಹಾಕದ ಹೊಗೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಮಾಲೀಕ. ‘ಅಂಥ ಗಂಡಾಳು ಯಾರೂ ನನ್ನ ಕಡೆ ಇಲ್ಲ. ಇರಲೂ ಇಲ್ಲ.’

ಸಮಯ ಮೂರೂ ಮೂವತ್ತೈದು. ಹಿಂದಿನಿಂದ ಜಮಖಂಡಿಗೆ ಹೋಗುವ ಬಸ್ಸು ಬರುತ್ತಿತ್ತು. ವೈಶಾಲಿ ಇಳಿದು ಕೈ ಅಡ್ಡ ಹಿಡಿದಳು. ಲಕೋಟೆಯನ್ನು ಹುಲೆಪ್ಪನ ಕೈಗೆ ಕೊಟ್ಟಳು.

“ಇಳೀರಿ. ಯವ್ವಾ, ನೀನೂ ಇಳಿ. ಇಬ್ಬರೂ ಕೋರ್ಟಿಗೆ ಹೋಗ್ರಿ. ಠಾಣೆಗೆ ಫೋನ್ ಮಾಡಿ ಆಂಬುಲೆನ್ಸ್ ಮತ್ತ ಇಬ್ಬರನ್ನ ತೋಟಕ್ಕ ಕಳಸ್ರಿ.”

“ನನ್ನ ಮಾತು ಕೋರ್ಟಿನಾಗ ಯಾರು ಕೇಳ್ತಾರ್ರೀ ಮೇಡಂ? ನೀವ ಬರಿಬೇಕು, ನೀವ ನಿಂತು ಹೇಳಬೇಕು. ಇಲ್ಲಂದ್ರ ನಿನ್ನೆ ನೀವು ಬರದ ಕಾಗದನ ಓದ್ತಾರ.”

ಸೋಮವ್ವ ಜೀಪಿನಿಂದ ಇಳಿದು ಸೆರಗು ಕೊಡವಿದಳು. “ಅಣ್ಣ ಅಂದ ಕೂಡ್ಲೆ ಗಾಡಿ ತಿರಗತು,” ಎಂದಳು. “ನನ್ನ ಗಂಡಗ ಬರೀ ಕಾಗದ.”

ವೈಶಾಲಿ ಸ್ಟಿಯರಿಂಗಿನ ಹಿಂದೆ ಕುಳಿತಳು.

“ಎರಡನೇ ಗಂಟು ಯಾರದು ಅಂತ ಕೇಳಿದ್ರ ಏನು ಹೇಳ್ಲಿ?” ಬಸ್ಸಿನ ಮೆಟ್ಟಿಲ ಮೇಲಿಂದ ಹುಲೆಪ್ಪ ಕೂಗಿದ.

“ಪಿಎಸ್‌ಐ ವೈಶಾಲಿ ಅವರ ಅಣ್ಣಂದು. ಹೆಸರು ಗೂಳಪ್ಪ. ಬರಕೊಂಡು ಹೋಗ್ರಿ.”

ಬಸ್ಸು ಜಮಖಂಡಿಯ ಕಡೆ ಹೋಯಿತು. ಅವಳು ಜೀಪನ್ನು ಬೀಳಗಿಯ ಕಡೆ ತಿರುಗಿಸಿದಳು. ನಾಲ್ಕು ಕಿಲೋಮೀಟರು.

ಆ ಬಾಗಿಲಿನ ಮುಂದೆ ಅವಳು ಇಪ್ಪತ್ತು ನಿಮಿಷ ನಿಂತು ಮಾತಾಡಿದ್ದಳು. ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ಅಷ್ಟು ಹೊತ್ತಿನಲ್ಲಿ ಒಳಗಿನಿಂದ ಒಂದು ಕೆಮ್ಮೂ ಕೇಳಿಸಿರಲಿಲ್ಲ.